ಎರಡರಿಂದ ಒಂದಕ್ಕೆ

ಫೆಬ್ರವರಿ ೧೬, ಸೋಮವಾರ

ಇವತ್ತಿನಿಂದ ಬರೆಯುತ್ತೇನೆ. ನನಗೆ ಮಾತ್ರ.

ಚರ್ಚಿನ ಬಾಗಿಲ ಪಕ್ಕದ ಕಪಾಟಿಗೆ ಹೊಸ ಕರಪತ್ರ ಬಂದಿದೆ. ಹಳದಿ ಕಾಗದ, ಎಂಟು ಪುಟ, ಬರೆದವರ ಹೆಸರಿಲ್ಲ. ನಾನು ಕೆಲಸಕ್ಕಿರುವ ಜೆರಾಕ್ಸ್ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಿಂತುಕೊಂಡೇ ಮೂರು ಸಲ ಓದಿದೆ. ನಮಗೆ ಬೇಕಾದವರಿಗೆ ಕೊಡುವುದು ಕೊಡುವುದೇ ಅಲ್ಲವಂತೆ. ಅದು ಒಂದು ಕೋಣೆಯ ಸಾಮಾನನ್ನು ಪಕ್ಕದ ಕೋಣೆಗೆ ಸಾಗಿಸಿದ ಹಾಗೆ. ಯಾರ ಮುಖ ನೋಡಲೂ ಮನಸ್ಸಾಗುವುದಿಲ್ಲವೋ ಅವನಿಗೆ ಕೊಟ್ಟ ದಿನ ಮಾತ್ರ ನೀನು ಕ್ರಿಸ್ತನವಳು. ಈ ಸಾಲಿನ ಕೆಳಗೆ ಗೆರೆ ಎಳೆದು ಇಪ್ಪತ್ತು ಪ್ರತಿ ತೆಗೆಯಲು ಹೊರಟೆ. ಏಳನೆಯದಕ್ಕೆ ಮೆಷಿನ್ನು ಕಾಗದ ನುಂಗಿ ನಿಂತಿತು. ಅಂಗಡಿಯ ಯಜಮಾನರು ಕುರ್ಚಿಯಿಂದಲೇ ಕೂಗಿದರು.

"ಪಾದ್ರಿಯಮ್ಮಾ, ಪ್ರಾರ್ಥನೆ ಮಾಡ್ತೀಯೋ, ಬಾಗಿಲು ತೆಗೆದು ಕಾಗದ ಎಳೀತೀಯೋ?"

ಅವರಿಗೆ ಯಾವುದರಲ್ಲೂ ನಂಬಿಕೆಯಿಲ್ಲ. ಎಲ್ಲರಿಗೂ ಒಳ್ಳೆಯವರು. ಬುಡವಿಲ್ಲದ ಇಂಥ ಒಳ್ಳೆಯತನ ಕಂಡರೆ ನನಗೆ ರೇಗುತ್ತದೆ.

ಮುಖ ನೋಡಲು ಮನಸ್ಸಾಗದವನು ಯಾರು ಎಂದು ನಾನು ಹುಡುಕಬೇಕಾಗಲಿಲ್ಲ. ಮೇಸ್ತ್ರಿ. ಅಪ್ಪ ಇಪ್ಪತ್ತೆರಡು ವರ್ಷ ಅವನ ಕೈಕೆಳಗೆ ಕಲ್ಲಿಗೆ ಪಾಲಿಶ್ ಹಾಕಿದರು. ಚಕ್ರ ತಿರುಗುವಾಗ ಮೇಲಿನಿಂದ ನೀರು ಬೀಳುತ್ತಿರಬೇಕು, ಆಗ ಧೂಳು ಏಳುವುದಿಲ್ಲ. ಕಲ್ಲು ಒಣಗಲು ಕಾಯುವ ಹೊತ್ತು ಉಳಿಯಲಿ ಎಂದು ಮೇಸ್ತ್ರಿ ಆ ನೀರಿನ ನಲ್ಲಿಯನ್ನು ಮುಚ್ಚಿಸಿಬಿಟ್ಟ. "ಬಾಯಿಗೆ ಬಟ್ಟೆ ಕಟ್ಕೊಳ್ರೋ, ಸಾಯಲ್ಲ" ಎನ್ನುತ್ತಿದ್ದನಂತೆ. ಈಗ ಅಪ್ಪನ ಎದೆಯೊಳಗೆ ಕಲ್ಲು. ಅದೇ ಧೂಳಿನಲ್ಲಿ ನಿಂತು ಕೂಗಾಡಿದ ಮೇಸ್ತ್ರಿಯ ಎದೆಯೊಳಗೂ ಕಲ್ಲು. ಅವನ ಮನೆ ನಮ್ಮ ಬೀದಿಯ ಕೊನೆಯಲ್ಲೇ ಇದೆ. ಎರಡು ವರ್ಷದಿಂದ ಅಪ್ಪ ಅವನೊಡನೆ ಮಾತಾಡಿಲ್ಲ. ಹೆಸರೆತ್ತಿದರೆ ಗೋಡೆಯ ಕಡೆ ಹೊರಳುತ್ತಾರೆ.

ನಾನು ಮಾತಾಡುತ್ತೇನೆ.

ಫೆಬ್ರವರಿ ೨೨, ಭಾನುವಾರ

ಮಾತಾಡಿದೆ! ಆರಾಧನೆ ಮುಗಿದ ಮೇಲೆ ನಾನಾಗಿಯೇ ಮೇಸ್ತ್ರಿಯ ಹತ್ತಿರ ಹೋದೆ. ಚಕ್ರದ ಗಾಡಿಯ ಮೇಲೆ ಸಣ್ಣ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡು, ಮೂಗಿಗೆ ಪೈಪು ಸಿಕ್ಕಿಸಿಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದ. ಹೇಗಿದ್ದೀರಿ ಎಂದು ಕೇಳಿದೆ. ಅವನು ನನ್ನನ್ನಲ್ಲ, ನನ್ನ ಹಿಂದೆ ಯಾರಾದರೂ ಇದ್ದಾರೋ ಎಂದು ನೋಡಿದ.

"ನಿಮ್ಮಪ್ಪ ಕಳಿಸಿದ್ನಾ?"

"ಇಲ್ಲ, ನಾನೇ ಬಂದೆ."

"ಓ, ನೀನೇ ಬಂದ್ಯಾ," ಅಂದ. ಮುಖ ಚಿಕ್ಕದಾಯಿತು.

ದಾರಿಯಲ್ಲಿ ಅಮ್ಮ ಅಂದಳು, "ಅಪ್ಪನಿಗೆ ಹೇಳಬೇಡ ಇದನ್ನ."

"ಯಾಕೆ? ಇನ್ನೂ ಎಷ್ಟು ದಿನ ಸಿಟ್ಟು ಇಟ್ಕೋತಾರೆ?"

"ಅವರ ಸಿಟ್ಟು ಕಣೇ. ಅವರೇ ಇಟ್ಕೊಳ್ಳಲಿ, ಅವರೇ ಬಿಡಲಿ."

ಅಮ್ಮ ನನಗಿಂತ ಮೊದಲಿನಿಂದ ಚರ್ಚಿಗೆ ಹೋಗುವವಳು. ಒಂದು ಕರಪತ್ರವನ್ನೂ ಪೂರ್ತಿ ಓದಿದ್ದು ನಾನು ಕಂಡಿಲ್ಲ.

ಫೆಬ್ರವರಿ ೨೫, ಬುಧವಾರ

ಸಂತೋಷಕ್ಕೆ ನಿದ್ದೆ ಬರುತ್ತಿಲ್ಲ. ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಗಾಡಿಯವನು ಮಂಗಳವಾರ, ಶುಕ್ರವಾರ ಎರಡೆರಡು ಸಿಲಿಂಡರ್ ತಂದು ಹಾಕುತ್ತಾನೆ. ಒಂದು ಅಪ್ಪನ ತಲೆಯ ಹತ್ತಿರ, ಒಂದು ಬಾಗಿಲ ಹಿಂದೆ. ಇವತ್ತು ಅರ್ಧ ದಿನ ರಜೆ ಹಾಕಿ ನಾನು ಮನೆಯಲ್ಲಿದ್ದೆ. ಮಾತ್ರೆ ತರಲು ಅಮ್ಮ ಆಸ್ಪತ್ರೆಗೆ ಹೋಗಿದ್ದಳು. ನಾಲ್ಕು ಗಂಟೆಗೆ ಮೆಟ್ಟಿಲ ಮೇಲೆ ಯಾರೋ ಬರಿಗಾಲಲ್ಲಿ ಓಡಿ ಬರುವ ಸದ್ದು. ಮೇಸ್ತ್ರಿಯ ಹೆಂಡತಿ.

"ಮಗಳೇ, ಇವರ ಸಿಲಿಂಡರಿನ ಬಾಯಿ ಸೋರಿ ಪೂರ್ತಿ ಖಾಲಿಯಾಗಿದೆ. ಆಂಬುಲೆನ್ಸು ಬರೋಕೆ ಎರಡು ಗಂಟೆ ಬೇಕಂತೆ. ತುಟಿ ನೀಲಿಯಾಗಿದೆ. ನಿಮ್ಮನೇಲಿ ಇನ್ನೊಂದು ಇರುತ್ತಲ್ವಾ..."

ಆಕೆ ಅಪ್ಪನ ಮಂಚದ ಕಡೆ ನೋಡಲಿಲ್ಲ, ನೋಡಲಾಗಲಿಲ್ಲ. ನಾನು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಇದಕ್ಕಾಗಿಯೇ ಪ್ರಭು ನನ್ನನ್ನು ಇವತ್ತು ಮನೆಯಲ್ಲಿ ಉಳಿಸಿದ್ದ. ಸಿಲಿಂಡರ್ ಹೊರಲು ಕೆಳಗಿನ ಮನೆಯ ಇಬ್ಬರನ್ನು ಕೂಗಿದೆ. ಅಪ್ಪನ ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಅಪ್ಪ ಕೈ ಆಡಿಸಿದರು. ಕೊಡು ಅಂದರು.

ಗಾಡಿಯವನಿಗೆ ಫೋನು ಮಾಡಿದೆ. "ನಾಳೆ ಬೆಳಿಗ್ಗೆ ಹತ್ತಕ್ಕೆ ತಂದುಬಿಡ್ತೀನಿ ಅಕ್ಕಾ, ತಲೆ ಕೆಡಿಸ್ಕೋಬೇಡಿ" ಅಂದ. ಅಪ್ಪನ ಸಿಲಿಂಡರಿನಲ್ಲಿ ಮೂರನೇ ಒಂದು ಪಾಲು ಉಳಿದಿತ್ತು. ಇರಲಿ ಎಂದು ಗಾಳಿ ಬಿಡುವ ತಿರುಪನ್ನು ಸ್ವಲ್ಪ ತಿರುಗಿಸಿದೆ. ಅಷ್ಟಾದರೆ ನಾಳೆ ಸಂಜೆಯವರೆಗೂ ಬರುತ್ತದೆ.

ಅಮ್ಮ ಬಂದಾಗ ಬಾಗಿಲ ಹಿಂದಿನ ಜಾಗ ಬರಿದಾಗಿತ್ತು. ಹೇಳಿದೆ. ಅವಳು ಚೀಲವನ್ನು ಕೆಳಗಿಡಲೇ ಇಲ್ಲ.

"ಅವರೇ ಅಂದ್ರಾ? ಮೇಸ್ತ್ರಿಗೆ ಕೊಡು ಅಂತ?"

"ಹೂಂ."

ಅಮ್ಮ ಹೋಗಿ ಮಲಗಿದ್ದ ಅಪ್ಪನ ಹಣೆಯ ಮೇಲೆ ಕೈಯಿಟ್ಟಳು. "ನೋಡು, ಇವರ ಒಳಗೆ ಇಂಥದ್ದೊಂದು ಇತ್ತು," ಅಂದಳು. ಅವಳ ಕಣ್ಣು ತುಂಬಿತ್ತು.

ನನ್ನದೂ.

ಫೆಬ್ರವರಿ ೨೬, ಗುರುವಾರ

ಗಾಡಿ ಐದಕ್ಕೆ ಬಂತು. ಅಪ್ಪ ಮೂರೂವರೆಗೇ ಹೋಗಿದ್ದರು.

ಮಾರ್ಚ್ ೧, ಭಾನುವಾರ

ಶುಕ್ರವಾರ ಮಣ್ಣು ಮಾಡಿದೆವು. ಇವತ್ತು ಪಾಸ್ಟರ್ ಪ್ರಸಂಗದ ನಡುವೆ ನಿಂತು ಅಪ್ಪನ ಬಗ್ಗೆ ಹೇಳಿದರು. ತನ್ನ ಉಸಿರನ್ನು ತನಗೆ ಕೇಡು ಮಾಡಿದವನಿಗೆ ಕೊಟ್ಟು ಹೋದ ಮನುಷ್ಯ. ಜನರೆಲ್ಲ ನಮ್ಮ ಕಡೆ ತಿರುಗಿದರು. ಮೇಸ್ತ್ರಿ ಪೈಪಿನ ಮೇಲೆಯೇ ಟವೆಲ್ ಒತ್ತಿಕೊಂಡು ಅತ್ತ.

ನಮ್ಮ ಸಭೆಯಲ್ಲಿ ತಿಂಗಳಿಗೊಮ್ಮೆ ಯಾರಾದರೂ ಎದ್ದು ಸಾಕ್ಷಿ ಹೇಳುತ್ತಾರೆ, ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು. ಇಪ್ಪತ್ತೆರಡನೇ ತಾರೀಖು ನಾನು ಹೇಳಬೇಕಂತೆ. "ಬರೆದುಕೊಂಡು ಬಾಮ್ಮ. ಆಮೇಲೆ ಅದನ್ನೇ ಕರಪತ್ರ ಮಾಡಿಸೋಣ," ಅಂದರು ಪಾಸ್ಟರ್. ನನ್ನ ಮಾತು ಹಳದಿ ಕಾಗದದ ಮೇಲೆ! ಯೋಚಿಸಿದ ಕೂಡಲೇ ನಾಚಿಕೆಯಾಯಿತು. ಇದು ನನ್ನ ಮಹಿಮೆಗಲ್ಲ, ಅಪ್ಪನ ಮಹಿಮೆಗೂ ಅಲ್ಲ, ದೇವರ ಮಹಿಮೆಗೆ.

ಈ ಹಂತದಲ್ಲಿ ಯಾವ ದಿನ ಬೇಕಾದರೂ ಹೋಗಬಹುದಿತ್ತು ಎಂದು ಡಾಕ್ಟರು ಹೇಳಿದ್ದಾರೆ. ಅಪ್ಪ ಹೋದಾಗ ಸಿಲಿಂಡರಿನ ಮೀಟರಿನ ಮುಳ್ಳು ಇನ್ನೂ ಸೊನ್ನೆಗೆ ಬಂದಿರಲಿಲ್ಲ. ಅಂದರೆ ಸಿಲಿಂಡರ್ ಕೊಟ್ಟದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ.

ಮಾರ್ಚ್ ೫, ಗುರುವಾರ

ತಲೆಯ ಹತ್ತಿರದ ಸಿಲಿಂಡರನ್ನು ಗಾಡಿಯವನು ಇನ್ನೂ ಒಯ್ದಿಲ್ಲ. ಯಾವುದೋ ಚೀಟಿಗೆ ಸಹಿ ಬೇಕಂತೆ. ಖಾಲಿ ಮಂಚ, ಅದರ ಪಕ್ಕ ಅದು. ಬಾಗಿಲಿನಿಂದ ಒಳಗೆ ಬಂದ ಕೂಡಲೇ ಯಾರೋ ಎದ್ದು ನಿಂತ ಹಾಗೆ ಕಾಣುತ್ತದೆ. ಅಮ್ಮ ಅದರ ಮೇಲೆ ಹಳೆಯ ಟವೆಲ್ ಹಾಕಿದಳು. ಈಗ ಇನ್ನೂ ಹೆಚ್ಚು ಮನುಷ್ಯನ ಹಾಗೆ ಕಾಣುತ್ತದೆ.

ಮನೆ ನಿಶ್ಶಬ್ದವಾಗಿಲ್ಲ. ಉಸಿರು ಎಳೆಯುವ ಸದ್ದು ಬರುತ್ತದೆ, ಬಿಡುವ ಸದ್ದು ಬರುವುದಿಲ್ಲ. ಕಾಯುತ್ತಾ ಕೂರುತ್ತೇನೆ.

ಅಮ್ಮ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾಳೆ. ಉಪವಾಸ ಮಾಡುತ್ತಿದ್ದಾಳೆ ಅನಿಸುತ್ತದೆ. ಒಳ್ಳೆಯದೇ. ಸೆರಗಿನಿಂದ ಬಲಗೈಯ ಬೆರಳುಗಳನ್ನು ಒರೆಸಿಕೊಳ್ಳುವ ಅಭ್ಯಾಸ ಹೊಸದಾಗಿ ಬಂದಿದೆ.

ಮಾರ್ಚ್ ೧೧, ಬುಧವಾರ

ಮೇಸ್ತ್ರಿ ಹೇಳಿಕಳಿಸಿದ್ದ. ಅಂಗಡಿಯಿಂದ ಬರುತ್ತಾ ಹೋದೆ. ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಒಂದು ವಾಕ್ಯಕ್ಕೆ ಮೂರು ಸಲ ಉಸಿರು.

"ಅವನು ಏನಂದ? ಸರಿಯಾಗಿ ಹೇಳು. ನನ್ನ ಹೆಸರು ಹೇಳಿದ್ನಾ?"

"ಮೇಸ್ತ್ರಿಗೆ ಕೊಡು ಅಂದ್ರು."

ಬಾಯಿಯಿಂದ ತಾನಾಗಿ ಬಂತು. ಮೇಸ್ತ್ರಿ ಕಣ್ಣು ಮುಚ್ಚಿದ. ತುಂಬಾ ಹೊತ್ತು ಮುಚ್ಚಿಕೊಂಡೇ ಇದ್ದ. ಹೋಗಿಬಿಟ್ಟನೋ ಎಂದು ನಾನು ಎದ್ದು ನಿಂತೆ.

"ಮೂರು ಸಲ ಬಂದು ಕೇಳಿದ್ದ ಕಣಮ್ಮಾ, ನೀರು ಬಿಡು ಅಂತ. ಮೂರನೇ ಸಲ ಕೈ ಮುಗಿದ. ನಾನು ಎಲ್ಲರೆದುರಿಗೆ ನಕ್ಕೆ." ಉಸಿರು. "ಅಂಥವನು ಕೊಡು ಅಂದ ಅಂದ್ರೆ... ಇನ್ನು ನಾನು ಹೋದ್ರೂ ಪರವಾಗಿಲ್ಲ."

ಅವನ ಹೆಂಡತಿ ಹಿಂದೆ ನಿಂತು, "ಹೋಗೋ ಮಾತು ಬೇಡ. ಹೊರಗೆ ಹೋಗೋಕೆ ಚಪ್ಪಲಿ ಹಾಕ್ಕೊಳ್ಳೋಕೂ ನಾನೇ ಬೇಕು ನಿಮಗೆ," ಅಂದಳು. ಅವನು ನಕ್ಕ. ನಗು ಕೆಮ್ಮಾಯಿತು.

ನಾನು ಇಬ್ಬರನ್ನೂ ನೋಡುತ್ತಿರಲಿಲ್ಲ. ಅವನ ಸಿಲಿಂಡರಿನ ಗಾಜಿನ ಕೊಳವೆಯೊಳಗೆ, ಗಾಳಿ ಎಷ್ಟು ಹೋಗುತ್ತಿದೆ ಎಂದು ತೋರಿಸುವ ಸಣ್ಣ ಗುಂಡು ತೇಲುತ್ತಿತ್ತು. ಸರಿಯಾಗಿ ಎರಡರ ಗೆರೆಯಲ್ಲಿ. ಒಂದಿಷ್ಟೂ ಇಳಿಯಲಿಲ್ಲ.

ಮಾರ್ಚ್ ೧೪, ಶನಿವಾರ

ಸಾಕ್ಷಿಯನ್ನು ಐದು ಸಲ ಬರೆದೆ. ಐದು ಸಲವೂ "ಅಪ್ಪ ಕೈ ಆಡಿಸಿದರು" ಎಂಬಲ್ಲಿ ನಿಲ್ಲುತ್ತದೆ.

ಅಂಗಡಿಯಲ್ಲಿ ಒಬ್ಬರು ಅರ್ಜಿಯ ಪ್ರತಿ ಕೇಳಿದರು. ಗಾಜಿನ ಮೇಲೆ ಹಾಳೆಯಿಟ್ಟು ಮುಚ್ಚಳ ಹಾಕುವುದನ್ನು ಮರೆತು ಅಲ್ಲೇ ಕೈಯೂರಿ ಗುಂಡಿ ಒತ್ತಿದ್ದೇನೆ. ಹೊರಗೆ ಬಂದದ್ದು ಒಂದು ಕೈ. ಬೆಳಕು ಸರಿಯುವಾಗ ಕೈ ಅಲುಗಿದ್ದರಿಂದ ಬೆರಳುಗಳು ಉದ್ದಕ್ಕೆ ಎಳೆದುಕೊಂಡು, ಕಪ್ಪಾಗಿ, ಮುದಿಯಾಗಿ. ನನ್ನ ಕೈಯಲ್ಲ. ಹೋಗು ಅನ್ನುತ್ತಿದೆಯೋ, ನಿಲ್ಲು ಅನ್ನುತ್ತಿದೆಯೋ? ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಗಿರಾಕಿ ನಿಂತೇ ಇದ್ದರು.

ಯಜಮಾನರು ಎದ್ದು ಬಂದು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಏನೋ ತಮಾಷೆ ಮಾಡುತ್ತಾರೆ ಅಂದುಕೊಂಡೆ. "ಮನೆಗೆ ಹೋಗು ಮಗಾ," ಅಂದರು. ಪಾದ್ರಿಯಮ್ಮಾ ಅನ್ನಲಿಲ್ಲ.

ಮನೆಗೆ ಹೋಗಲಿಲ್ಲ. ಮನೆಯಲ್ಲಿ ಟವೆಲ್ ಹೊದ್ದವನಿದ್ದಾನೆ. ಮೆಟ್ಟಿಲ ಮೇಲೆ ಕೂತೆ. ಕರವಸ್ತ್ರವನ್ನು ಒದ್ದೆ ಮಾಡಿ ಮೂಗು ಬಾಯಿಗೆ ಒತ್ತಿಕೊಂಡು ಅದರ ಮೂಲಕ ಉಸಿರಾಡಿದೆ, ಅರ್ಧ ಗಾಳಿ ಹೇಗಿರುತ್ತದೆಂದು. ಎದೆಯೊಳಗೆ ಯಾರೋ ಗೋಡೆ ಗುದ್ದಿದ ಹಾಗಾಯಿತು. ನಾಲ್ಕು ನಿಮಿಷಕ್ಕಿಂತ ಹೆಚ್ಚು ತಡೆಯಲಾಗಲಿಲ್ಲ. ಅಪ್ಪ ಇಪ್ಪತ್ತಮೂರು ಗಂಟೆ.

ಮಾರ್ಚ್ ೧೭, ಮಂಗಳವಾರ

ನೆಟ್ಟಗೆ ಬರೆಯುತ್ತೇನೆ. ಇದು ನನಗೆ ಮಾತ್ರ ತಾನೇ.

ಅಪ್ಪನ ಕಿವಿಯಲ್ಲಿ ನಾನು ಹೇಳುವಾಗ ಸಿಲಿಂಡರ್ ಆಗಲೇ ಮೆಟ್ಟಿಲಿಳಿದಿತ್ತು. ಅಪ್ಪನ ಕಣ್ಣು ಮುಚ್ಚಿತ್ತು. ಕೈ ಆಡಿಸಿದ್ದು ನಿಜ. ನೊಣ ಓಡಿಸುವವರೂ ಹಾಗೆಯೇ ಆಡಿಸುತ್ತಾರೆ.

ತಿರುಪನ್ನು "ಸ್ವಲ್ಪ" ತಿರುಗಿಸಿದೆ ಎಂದು ಬರೆದಿದ್ದೇನೆ. ಗುಂಡು ಎರಡರಲ್ಲಿತ್ತು. ಒಂದಕ್ಕೆ ಇಳಿಸಿದೆ. ಅರ್ಧ.

ಗುರುವಾರ ಹತ್ತಕ್ಕೆ ಗಾಡಿ ಬರಲಿಲ್ಲ. ಹನ್ನೊಂದಕ್ಕೆ ಫೋನು ಮಾಡಿದರೆ ಹೊರಟಿದ್ದೇನೆ ಅಂದ. ಒಂದು ಗಂಟೆಗೆ ನಾನು ಅಂಗಡಿಗೆ ಹೋದೆ. ಹೋಗುವಾಗ ಅಮ್ಮನಿಗೆ ಹೇಳಿದೆ, ತಿರುಪು ಮುಟ್ಟಬೇಡ, ಏನೇ ಆದರೂ ಮುಟ್ಟಬೇಡ. ಯಾಕೆಂದು ಹೇಳಲಿಲ್ಲ.

ಅಮ್ಮ ಅಂಗಡಿಗೆ ಫೋನು ಮಾಡಿದಾಗ ಓಡಿಬಂದೆ. ಮುಗಿದಿತ್ತು. ಡಾಕ್ಟರು ಬರುವ ಮುಂಚೆ, ಅಮ್ಮ ನೀರು ತರಲು ಒಳಗೆ ಹೋದಾಗ, ನಾನು ತಿರುಪನ್ನು ತಿರುಗಿಸಿ ಗುಂಡನ್ನು ಮತ್ತೆ ಎರಡಕ್ಕೆ ಏರಿಸಿದೆ. ಸತ್ತವರಿಗೆ ಎರಡು.

ಇದನ್ನು ಯಾರಿಗೂ ಹೇಳುವ ಹಾಗಿಲ್ಲ. ಅಮ್ಮನಿಗೆ ಉಳಿದಿರುವುದು ಅಪ್ಪನ ದೊಡ್ಡ ಮನಸ್ಸೊಂದೇ. ಅದನ್ನು ಕಿತ್ತುಕೊಂಡು ನಾನು ಹಗುರಾಗಬೇಕೇ? ಹೇಳದೆ ಹೊತ್ತುಕೊಳ್ಳುವುದೇ ನನ್ನ ಶಿಲುಬೆ. ಅಮ್ಮನಿಗಾಗಿ ಹೊರುತ್ತೇನೆ. ಭಾನುವಾರ ಎದ್ದು ನಿಂತು ಅಪ್ಪ ಕೊಟ್ಟರು ಎಂದೇ ಹೇಳುತ್ತೇನೆ.

ಮಾರ್ಚ್ ೨೦, ಶುಕ್ರವಾರ

ಮಧ್ಯಾಹ್ನ ಅಪ್ಪನ ಚಾದರ ಮಡಿಸುತ್ತಿದ್ದೆವು. ಆ ತುದಿಯಲ್ಲಿ ಅಮ್ಮ, ಈ ತುದಿಯಲ್ಲಿ ನಾನು.

"ಒಂದು ಮಾತು ಹೇಳ್ತೀನಿ. ಪಾಸ್ಟರಿಗೂ ಹೇಳಬೇಡ," ಅಂದಳು.

"ಏನಮ್ಮ?"

"ಅವತ್ತು ಅವರು ತಿರುಪಿನ ಕಡೆ ಬೆರಳು ತೋರಿಸಿದ್ರು. ಜಾಸ್ತಿ ಮಾಡು ಅಂತ. ಒಂದು ಸಲ ಅಲ್ಲ. ನಾನು ಮುಟ್ಟಲಿಲ್ಲ. ಮಗಳು ಬೇಡ ಅಂದಿದ್ದಾಳೆ ಅಂದೆ. ಅವರೇ ಏಳೋಕೆ ನೋಡಿದ್ರು. ನಾನು ಕೈ ಹಿಡಿದು ಕೆಳಗೆ ಅದುಮಿಟ್ಟೆ." ಚಾದರದ ಮೂಲೆಯಲ್ಲೇ ಬೆರಳು ಒರೆಸಿಕೊಂಡಳು. "ಇವೇ ಬೆರಳು. ಒಂದು ಸುತ್ತು ತಿರುಗಿಸೋಕೆ ಏನು ದಾಡಿಯಾಗಿತ್ತು ಇವಕ್ಕೆ?"

"ನಿನ್ನ ತಪ್ಪಲ್ಲಮ್ಮ."

"ನೀನು ಹೇಳಿದ್ದು ಸರಿಯಾಗೇ ಇತ್ತು. ಎರಡಕ್ಕಿಂತ ಮೇಲೆ ಹೋದ್ರೆ ಅಪಾಯ ಅಂತ ಡಾಕ್ಟರೂ ಅಂದಿದ್ರಲ್ಲ. ಆದ್ರೂ ಸಾಯೋ ಮನುಷ್ಯ ಕೇಳ್ತಿದ್ದಾನೆ ಅಂದ್ರೆ ಕೊಡಬೇಡ್ವಾ? ಹಗೆಯವನಿಗೆ ತನ್ನದನ್ನ ಕೊಟ್ಟ ಮನುಷ್ಯ. ಅವರಿಗೆ ನಾನು ಒಂದು ಸುತ್ತು ಕೊಡಲಿಲ್ಲ."

ಚಾದರದ ನನ್ನ ಕಡೆಯ ಎರಡು ಮೂಲೆ ಹಿಡಿದುಕೊಂಡು ನಿಂತಿದ್ದೆ.

ಅವಳು ಉಪವಾಸ ಮಾಡುತ್ತಿರಲಿಲ್ಲ.

ಮಾರ್ಚ್ ೨೧, ಶನಿವಾರ

ಬೆಳಿಗ್ಗೆ ಅಮ್ಮ ಪಾತ್ರೆ ತೊಳೆಯುತ್ತಿದ್ದಾಗ ಹೇಳಿದೆ.

"ಅಮ್ಮಾ, ಗುಂಡು ಎರಡರಲ್ಲಿ ಇರಲಿಲ್ಲ. ಒಂದರಲ್ಲಿತ್ತು. ಬುಧವಾರವೇ ನಾನು ಇಳಿಸಿದ್ದೆ."

ನೀರು ಸುರಿಯುತ್ತಲೇ ಇತ್ತು. ಅವಳು ನಲ್ಲಿ ನಿಲ್ಲಿಸಿದಳು.

"ಯಾಕೆ?"

"ಇನ್ನೊಂದನ್ನ ಕೊಟ್ಟಿದ್ನಲ್ಲ. ಇದು ಸಾಕಾಗಲಿ ಅಂತ."

"ಅವರಿಗೆ ಗೊತ್ತಿತ್ತಾ?"

"ಇಲ್ಲ."

"ಕೊಡು ಅಂದಿದ್ದು?"

"ಕೊಟ್ಟ ಮೇಲೆ ಕಿವಿಯಲ್ಲಿ ಹೇಳಿದೆ. ಮಲಗಿದ್ರು. ಏನೂ ಅನ್ನಲಿಲ್ಲ. ಡಾಕ್ಟರು ಬರೋ ಮುಂಚೆ ಗುಂಡನ್ನ ಮತ್ತೆ ಏರಿಸಿದ್ದೂ ನಾನೇ."

ಅಮ್ಮ ತೊಳೆದಿದ್ದ ಲೋಟವನ್ನು ಮತ್ತೊಮ್ಮೆ ತೊಳೆದಳು. ಬೋರಲು ಹಾಕಿದಳು. ಆಮೇಲೆ ನೆಲದ ಮೇಲೆ ಕೂತು ಕೈಗಳೆರಡನ್ನೂ ಮುಂದೆ ಹಿಡಿದು ನೋಡಿಕೊಂಡಳು, ಯಾರೋ ಈಗಷ್ಟೇ ವಾಪಸು ಕೊಟ್ಟ ಹಾಗೆ. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಅವರನ್ನ ಎಬ್ಬಿಸಿ ಕೇಳಬೇಕಿತ್ತು ಕಣೇ," ಅಂದಳು. "ಕೊಡು ಅಂತಿದ್ರೋ ಏನೋ. ಥೂ, ಸಾಯಲಿ ಅವನು ಅಂತಿದ್ರೋ ಏನೋ. ಎರಡೂ ಅನ್ನೋ ಮನುಷ್ಯನೇ ಅವರು. ಏನಂತಿದ್ರು ಅಂತ ಇನ್ನು ಯಾರಿಗೂ ಗೊತ್ತಾಗಲ್ಲ. ನನಗೂ ಗೊತ್ತಾಗಲ್ಲ." ಕೈಗಳನ್ನು ಮಡಿಲಿಗೆ ಇಳಿಸಿ, "ನಾನು ಬರೋವರೆಗೂ ಕಾಯದಿದ್ರೂ ಒಂದು ಫೋನು ಮಾಡಬಹುದಿತ್ತು. ಈ ಮನೇಲಿ ನಾನೂ ಒಬ್ಬಳು ಇದ್ನಲ್ಲ."

ಎಲ್ಲ ಕರಪತ್ರಗಳನ್ನೂ ಮನಸ್ಸಿನಲ್ಲೇ ತಿರುವಿ ನೋಡಿದೆ. ಕೇಳುವ ಬಗ್ಗೆ ಎಲ್ಲೂ ಬರೆದಿಲ್ಲ.

"ನಾಳೆ ಸಭೇಲಿ ಎಲ್ಲಾ ಹೇಳಿಬಿಡ್ತೀನಮ್ಮ. ಎಲ್ಲರೆದುರಿಗೆ."

"ಹೇಳಿ ನೀನು ಹಗುರಾಗ್ತೀಯ. ಮೇಸ್ತ್ರಿ?"

ನಾನು ಬೋರಲು ಹಾಕಿದ್ದ ಲೋಟವನ್ನು ಎತ್ತಿ ಮತ್ತೆ ಅಲ್ಲೇ ಇಟ್ಟೆ.

"ಅವನು ಇವರು ಕೊಟ್ರು ಅಂತ ಉಸಿರಾಡ್ತಿದ್ದಾನೆ. ಇನ್ನೆಷ್ಟು ದಿನವೋ. ಅವನಿಗೆ ಹೇಳಬೇಡ." ಅಮ್ಮ ಗೋಡೆ ಹಿಡಿದು ಎದ್ದಳು. "ಇವರು ಕೊಟ್ರೋ ಬಿಟ್ರೋ. ಇಷ್ಟನ್ನ ನಾನು ಕೊಡ್ತೀನಿ."

ಮಧ್ಯಾಹ್ನ ಅಮ್ಮ ಊಟ ಮಾಡಿದಳು. ಎರಡನೇ ಸಲ ತಾನೇ ಬಡಿಸಿಕೊಂಡಳು. ಬೆರಳು ಒರೆಸಿಕೊಳ್ಳಲಿಲ್ಲ. ನನ್ನ ಜೊತೆ ಮಾತಾಡಲೂ ಇಲ್ಲ.

ಮಾರ್ಚ್ ೨೨, ಭಾನುವಾರ

ಪಾಸ್ಟರ್ ಹೆಸರು ಹಿಡಿದು ಕರೆದರು. ನಾನು ಕೂತಲ್ಲಿಂದಲೇ, "ನನ್ನ ಹತ್ತಿರ ಸಾಕ್ಷಿ ಇಲ್ಲ, ಕ್ಷಮಿಸಿ," ಅಂದೆ. ಸಭೆ ಒಂದು ಗಳಿಗೆ ತಬ್ಬಿಬ್ಬಾಯಿತು. ಆಮೇಲೆ ಪಾಸ್ಟರ್ ನಕ್ಕು, "ನೋಡಿ, ಇದಕ್ಕೆ ದೀನತೆ ಅನ್ನೋದು," ಎಂದು ಅದರ ಮೇಲೆಯೇ ಹತ್ತು ನಿಮಿಷ ಮಾತಾಡಿದರು. ಒಂದೊಂದು ಮಾತಿಗೂ ಜನ ತಲೆದೂಗಿದರು. ಮೇಸ್ತ್ರಿ ತನ್ನ ಕುರ್ಚಿಯಿಂದ ನನ್ನ ಕಡೆ ಕೈಯೆತ್ತಿದ. ಅಲ್ಲ, ಹಾಗಲ್ಲ ಎಂದು ಕೂಗಬೇಕೆನಿಸಿತು. ಮುಂದಿನ ಬೆಂಚಿನ ಹಲಗೆಯನ್ನು ಹಿಡಿದುಕೊಂಡೆ. ಅಮ್ಮ ಪಕ್ಕದಲ್ಲೇ ಇದ್ದಳು, ನೇರ ಮುಂದೆ ನೋಡುತ್ತಾ.

ಮುಗಿದ ಮೇಲೆ ಜನ ಹೊರಟರು. ಮೇಸ್ತ್ರಿಯ ಹೆಂಡತಿಗೆ ಗಂಡನನ್ನೂ ಸಿಲಿಂಡರಿನ ಗಾಡಿಯನ್ನೂ ಒಟ್ಟಿಗೆ ಹಿಡಿಯಲಾಗುತ್ತಿರಲಿಲ್ಲ. ಅಮ್ಮ ಎದ್ದು ಹೋದಳು. ಗಾಡಿಯ ಹಿಡಿಯನ್ನು ಒಂದು ಕೈಯಲ್ಲಿ, ಮೇಸ್ತ್ರಿಯ ಮೊಣಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದಳು. ಅವನು ಏನೋ ಹೇಳಿದ. ಅಮ್ಮ ಬಗ್ಗಿ ಕೇಳಿಸಿಕೊಂಡು, "ಹೂಂ, ಅವರೇ ಕೊಟ್ಟಿದ್ದು. ಮೆಲ್ಲಗೆ ಬನ್ನಿ," ಅಂದಳು.

ಹೊಸಿಲ ಹತ್ತಿರ ಬಂದಾಗ ಗಾಳಿಗೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಅಮ್ಮ ನನ್ನ ಕಡೆ ತಿರುಗದೆ, ನಿನ್ನೆಯಿಂದ ಮೊದಲನೇ ಸಲ, "ಬಾಗಿಲು ಹಿಡ್ಕೋ," ಅಂದಳು.

ಹಿಡಿದುಕೊಂಡೆ. ಅವರ ಹಿಂದೆ ಇನ್ನೂ ತುಂಬಾ ಜನ ಇದ್ದರು, ಮುದುಕರು, ಮಕ್ಕಳು, ಕೆಲವರು ನನ್ನ ಭುಜ ತಟ್ಟಿದರು. ಎಲ್ಲರೂ ಹೋಗುವವರೆಗೂ ಹಿಡಿದುಕೊಂಡೇ ನಿಂತಿದ್ದೆ. ಅಮ್ಮ ಆಗಲೇ ಬೀದಿಯ ತಿರುವಿನಲ್ಲಿದ್ದಳು.